ಹಿಂದಿನ ಹೀಟರು

ಬಳ್ಳಾರಿಯಲ್ಲಿ, ಮೇ ತಿಂಗಳಲ್ಲಿ,
ಹೀಟರ್ ರಿಪೇರಿಗೆಂದು ಗಾಡಿ ತಂದವನನ್ನು
ಇಪ್ಪತ್ತಾರು ವರ್ಷದಲ್ಲಿ ನಾನು ಕಂಡದ್ದು ಒಬ್ಬನನ್ನೇ.

ಕೌಲ್ ಬಜಾರಿನ ಡಾಂಬರು ಚಪ್ಪಲಿಗೆ ಅಂಟುವ ಹೊತ್ತು.
ಕೋಟೆಗುಡ್ಡದ ಬಂಡೆ ನಡುರಾತ್ರಿಯಲ್ಲೂ
ರೊಟ್ಟಿ ಮುಗಿದ ಮೇಲಿನ ಹಂಚಿನ ಹಾಗೆ
ಉಸಿರು ಬಿಡುವ ಕಾಲ.
ಸ್ಪ್ಯಾನರನ್ನು ಬಿಸಿಲಲ್ಲಿ ಮರೆತರೆ
ಬಟ್ಟೆ ಸುತ್ತಿ ಹಿಡಿಯಬೇಕು.

"ಹಿಂದಿನ ಹೀಟರ್ ಸೋರ್ತೈತಿ, ದಸ್ತಗಿರಣ್ಣ" ಅಂದ ಎರ್ರಿಸ್ವಾಮಿ.
ಮಾಬು ನಕ್ಕ. ನಾನೂ ನಕ್ಕೆ.
ಪಂಚರ್ ಅಂಗಡಿಯವನನ್ನು ಕೂಗಿ ಕರೆದು ಹೇಳಿ
ಮೂವರೂ ಇನ್ನೊಂದು ಸಲ ನಕ್ಕೆವು.

ಸೋರುತ್ತಿದ್ದದ್ದಂತೂ ನಿಜ.
ಕಾರ್ಪೆಟ್ ಎತ್ತಿದರೆ ಹಸಿರು ನೀರು,
ಬೆರಳಿಗೆ ಜಿಡ್ಡು, ಮೂಗಿಗೆ
ಆರಿದ ಬೆಲ್ಲದ ಪಾಕದಂಥ ಸಿಹಿ.
ಹೀಗೆ ಸದ್ದಿಲ್ಲದೆ ಸೋರಿ ಸೋರಿ
ಎಂಜಿನ್ ಕಾದು ಹೆಡ್ ಸೊಟ್ಟಗಾದ ಮೇಲೆ
ಇದೇ ಸ್ಟೂಲಿನ ಮೇಲೆ ತಲೆಗೆ ಕೈಹೊತ್ತು ಕೂತವರು ಎಷ್ಟೋ ಜನ.

ಉಪಾಯ ಸುಲಭ.
ಹೋಗುವ ಪೈಪಿಗೂ ಬರುವ ಪೈಪಿಗೂ
ಬಗ್ಗಿದ ತುಂಡೊಂದು ಕೊಟ್ಟು ಗಂಟು ಹಾಕಿಬಿಡುವುದು.
ನೀರೇ ಹೋಗದಿದ್ದರೆ ಸೋರುವುದೇನು?
"ಅರ್ಧ ತಾಸು, ಇನ್ನೂರು ರೂಪಾಯಿ.
ಈ ಊರಾಗ ಹೀಟರ್ ಅಂದ್ರ
ಕುಲುಮಿಗೆ ಕಂಬಳಿ ಹೊಚ್ಚಿದಂಗ, ಬಿಡೋ ಮಾರಾಯ."

ಅವನು ನಗಲಿಲ್ಲ.
"ವಾರಕ್ಕ ಮೂರು ದಿನ ತೆಕ್ಕಲಕೋಟೆ ಕಡಿಂದ
ನಾಲ್ಕು ಮಂದೀನ ದವಾಖಾನಿಗೆ ತರ್ತೀನಿ.
ರಕ್ತ ತೊಳೆಸಾಕ.
ನಾಲ್ಕು ತಾಸು ಮಿಷನ್ ಬಾಜೂಕ ಮಲಗಿ ಎದ್ದು ಬಂದ್ರ
ಈ ಬಿಸಿಲಾಗ ಹಲ್ಲು ಕಟಕಟ ಅಂತಾವ.
ಮುಂದಿನ ಹೀಟರ್ ಹಾಕಿದ್ರ ನಾ ಬೇಯ್ತೀನಿ,
ಅವರ ತನಕ ಮುಟ್ಟಂಗಿಲ್ಲ."

ಮಾಬು ಸುಮ್ಮನೆ ಹೋಗಿ ಸ್ಕ್ರೂಡ್ರೈವರ್ ತಂದ.

ಪ್ಯಾನೆಲ್ ಬಿಚ್ಚಿದೆವು. ಹದಿನೇಳು ಕ್ಲಿಪ್ಪು, ನಾಲ್ಕು ಮುರಿದವು.
ಬ್ಲೋವರ್ ಡಬ್ಬಿಯ ತುಂಬ ಸಂಡೂರಿನ ಕೆಂಪು ಧೂಳು.
ಅದನ್ನು ಕೆರೆದರೆ ಅಡಿಯಲ್ಲಿ
ಉದ್ದನೆಯ, ಒಣಗಿದ, ಸೂಜಿಯಂಥ ಎಲೆಗಳು.
ಜಾಲಿಮುಳ್ಳಲ್ಲ. ಮುರಿದು ಮೂಸಿದೆ:
ಪೇಂಟರ್ ಮೌಲಾನ ಟರ್ಪೆಂಟೈನ್ ವಾಸನೆ, ಇನ್ನೂ ಹಸಿ.
"ಹಿಮ ಬೀಳೋ ಊರಿನ ಗಾಡಿ. ನಂದು ಮೂರನೇ ಕೈ" ಅಂದ ಎರ್ರಿಸ್ವಾಮಿ.
ಮಾಬು ಎರಡೆಲೆ ಆಯ್ದು ಜೇಬಿಗೆ ಹಾಕಿಕೊಂಡ,
ಯಾಕೆಂದು ನಾನು ಕೇಳಲಿಲ್ಲ.

ಹಳೆಯ ಕೋರ್ ಕಿತ್ತು ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟರೆ
ಒಂದೇ ಒಂದು ಗುಳ್ಳೆ, ಮತ್ತೆ ಅದೇ ಜಾಗದಿಂದ ಇನ್ನೊಂದು.
ಸೊಳ್ಳೆ ಕಚ್ಚಿದಷ್ಟು ತೂತು.
ಬೇರೆಯದು ಹೈದರಾಬಾದಿನ ಗುಜರಿಯಿಂದ ಬಸ್ಸಲ್ಲಿ ಬಂತು,
ಮೂರನೆಯ ದಿನ, ಉರ್ದು ಪೇಪರ್ ಸುತ್ತಿಕೊಂಡು.
ಅದನ್ನೂ ಮುಳುಗಿಸಿದೆ. ಗುಳ್ಳೆಯಿಲ್ಲ.
ಹೊಸ ಹೋಸು, ಹೊಸ ಕ್ಲ್ಯಾಂಪು, ಹೊಸ ಹಸಿರು ನೀರು.

ಟ್ರಯಲ್ಲಿಗೆಂದು ಅವರ ಜೊತೆಗೇ ಹೊರಟೆ.
ದವಾಖಾನೆ ಬಾಗಿಲಲ್ಲಿ ನಾಲ್ವರು ಹತ್ತಿದರು,
ಉಣ್ಣೆಟೋಪಿಯ ಹುಡುಗ, ಇಬ್ಬರು ಗಂಡಸರು, ದ್ಯಾವಮ್ಮ.
"ಹೋಗೋ ಪೈಪ್ ಯಾವ್ದಪ್ಪ, ಬರೋದ್ಯಾವ್ದು?" ಎಂದಳು.
ತೋರಿಸಿದೆ.
ಅವಳು ಸೆರಗು ಸರಿಸಿ ತೋಳು ತೋರಿಸಿದಳು,
ಮೇಲೊಂದು ಹತ್ತಿ, ಕೆಳಗೊಂದು ಹತ್ತಿ, ಎರಡಕ್ಕೂ ಪಟ್ಟಿ.
"ನಂದೂ ಹಂಗ."

ಕಿಟಕಿ ಏರಿಸಿದೆವು. ಬ್ಲೋವರ್ ಒಂದು.
ಸಿರುಗುಪ್ಪ ರೋಡಿನ ಮೇಲೆ ಬಿಸಿಲು ನೀರಿನ ಹಾಗೆ ಹರಿಯುತ್ತಿತ್ತು.
ಹುಡುಗ ಎರಡೂ ಅಂಗೈಯನ್ನು ಜಾಲರಿಗೆ ಒಡ್ಡಿ ಕೂತ.
ಬ್ಲೋವರ್ ಎರಡು.
ನನ್ನ ಅಂಗಿ ಬೆನ್ನಿಗಂಟಿ, ಬೆನ್ನು ಸೀಟಿಗಂಟಿ,
ಕಣ್ಣಿಗೆ ಉಪ್ಪು ಇಳಿದು ರಸ್ತೆ ಕಾಣದಾಯಿತು.
ಹಿಂದಿನಿಂದ ದ್ಯಾವಮ್ಮ:
"ಇನ್ನೊಂಚೂರು ಜಾಸ್ತಿ ಆಗತೈತೇನಪ್ಪ?"

ತೆಕ್ಕಲಕೋಟೆಯಲ್ಲಿ ಇಳಿದೆ.
ಬೇಸಿಗೆಯ ಗಾಳಿ, ನಾನು ಬೈದ ಅದೇ ಗಾಳಿ,
ಮೈಗೆ ತಣ್ಣಗೆ ತಾಗಿತು.
ಗಾಡಿಯಡಿ ಬಗ್ಗಿ ನೋಡಿದೆ: ಧೂಳಿನ ಮೇಲೆ ಒಂದು ಹನಿ.
ಎದೆ ಧಸಕ್ಕೆಂದಿತು.
ಬೆರಳಿಟ್ಟು ಮೂಸಿದೆ. ಸಿಹಿಯಿಲ್ಲ.
ನೋಡುತ್ತಿದ್ದಂತೆ ಇನ್ನೊಂದು ಬಿತ್ತು,
ನನ್ನ ಮೂಗಿನ ತುದಿಯಿಂದ.