ಕೈಗುಣ

ಬಾಲ ಹಿಡಿದು ಎತ್ತಬೇಡ, ಹೆಲೆದ್.
ಕುರಿಮರಿಯ ಹಿಂಗಾಲು ಹಿಡಿದು ಎಳೆದ ಕೈ ಅದು, ಗೊತ್ತು.
ತ್ರೆಗಾರೊನ್ ಗುಡ್ಡದಲ್ಲಿ, ನಡುರಾತ್ರಿ,
ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು
ಅಡ್ಡ ಸಿಕ್ಕಿದ ಮರಿಯನ್ನು ಹೊಟ್ಟೆಯೊಳಗೇ ತಿರುಗಿಸಿದ ಕೈ.
ಅದರ ಮೇಲೆ ನನಗೆ ಗೌರವವಿದೆ.
ಆದರೆ ಇದು ಇಪ್ಪತ್ತೆರಡು ಗ್ರಾಂ.
ನಿನ್ನ ಹೆಬ್ಬೆರಳೇ ಇದಕ್ಕೊಂದು ಗುಡ್ಡ.

ಈ ಕೊಳವೆ ತಗೋ. ಪಂಜರದ ಮೂಲೆಯಲ್ಲಿಡು.
ಈಗ ಸುಮ್ಮನಿರು.

ಸುಮ್ಮನಿರು ಅಂದೆ.

ಮೊದಲ ವಾರದ ಪಾಠ ಇಷ್ಟೇ:
ಹನ್ನೊಂದು ಮಕ್ಕಳು ನೀಲಿ ಗೌನು ತೊಟ್ಟು ನಿಂತು
ಇಲಿಯೊಂದು ತಾನಾಗಿ ಬರಲೆಂದು ಕಾಯುವುದು.
ಹೊರಗೆ ಅಬೆರಿಸ್ಟ್ವಿತ್‌ನ ಕಡಲು ಗೋಡೆ ಗುದ್ದುತ್ತದೆ,
ಒಳಗೆ ಕೇಳಿಸದು. ಇಲ್ಲಿ ಕಿಟಕಿಯಿಲ್ಲ.
ಬೆಳಗಿನ ಏಳಕ್ಕೆ ಹಗಲನ್ನು ನಾವೇ ಆರಿಸುತ್ತೇವೆ.
ಕೆಂಪು ದೀಪ ಅವುಗಳ ಕಣ್ಣಿಗೆ ಕತ್ತಲೆ;
ನಮಗೆ ಮಾತ್ರ ಎಲ್ಲರ ಮುಖವೂ
ತುಸು ನಾಚಿದಂತೆ ಕಾಣುತ್ತದೆ.

ನೋವು ಹೇಳಿಕೊಳ್ಳದ ಜಾತಿ ಇದು.
ಹದ್ದಿನ ಕೆಳಗೆ ಬದುಕಿದವರು ನರಳುವುದಿಲ್ಲ.
ಹಾಗಾಗಿ ಮುಖ ಓದಬೇಕು: ಕಣ್ಣೆಷ್ಟು ಕಿರಿದಾಯಿತು,
ಕಿವಿಯೆಷ್ಟು ಹಿಂದೆ ಬಾಗಿತು, ಕೆನ್ನೆ ಉಬ್ಬಿತೆ,
ಮೀಸೆ ಬಿಗಿದು ನಿಂತಿತೆ. ಸೊನ್ನೆ, ಒಂದು, ಎರಡು.
ಅನುಮಾನವಿದ್ದರೆ ದೊಡ್ಡ ಅಂಕಿ ಬರೆಯಿರಿ.
ಹತ್ತೊಂಬತ್ತು ವರ್ಷ ಇದನ್ನು ಕಲಿಸಿ ಕಲಿಸಿ
ಬಸ್ಸಿನಲ್ಲಿ ಎದುರು ಕೂತವರಿಗೂ ಅಂಕಿ ಹಾಕುತ್ತೇನೆ.

ಬುಧವಾರ ನೀತಿಯ ತರಗತಿ, ಕಿಟಕಿ ಇರುವ ಕೋಣೆ.
ಹಲಗೆಯ ಮೇಲೆ ಮೂರು ಪ್ರಶ್ನೆ:
ಇಲಿಯಿಲ್ಲದೆ ಆಗದೆ?
ಇನ್ನೂ ಕಡಿಮೆ ಇಲಿಗಳಲ್ಲಿ ಆಗದೆ?
ಇನ್ನೂ ಕಡಿಮೆ ನೋವಿನಲ್ಲಿ?
ಯಾಂಟೊ ಕೈಯೆತ್ತಿದ,
ದಿನಾ ಅಜ್ಜಿಗೆ ಇನ್ಸುಲಿನ್ ಚುಚ್ಚಿ ಬರುವ ಹುಡುಗ:
"ನಾಲ್ಕನೆಯದು ಯಾಕಿಲ್ಲ? ಇಲಿಯನ್ನು ಕೇಳಿದವರು ಯಾರು?"
ಯಾರೂ ನಗಲಿಲ್ಲ.
ಉತ್ತರ ಇದ್ದವಳಂತೆ ಕೆಮ್ಮಿದೆ.
ಅದನ್ನೂ ಕೆಳಗೆ ಬರೆದೆ. ಮರುವಾರ ಹೋದಾಗ
ಮಿಕ್ಕಿದ್ದನ್ನೆಲ್ಲ ಯಾರೋ ಒರೆಸಿದ್ದರು, ಅದನ್ನು ಬಿಟ್ಟು.

ಭಾನುವಾರ ಸಂಜೆ ಹೆಲೆದ್ ಫೋನು.
"ನಲವತ್ತೊಂದನೆಯ ಪಂಜರ. ತೂಕ ಹದಿನೇಳು ಪರ್ಸೆಂಟ್ ಇಳಿದಿದೆ."
ಇಪ್ಪತ್ತರವರೆಗೆ ಕಾಗದದಲ್ಲಿ ಅವಕಾಶವಿದೆ, ಅಂದೆ.
"ಕಾಗದ ಓದಿದೆ. ಮುಖವನ್ನೂ ಓದಿದೆ."
ಮಂಗಳವಾರದ ತನಕ ತಡಿ ಎಂದಿದ್ದರಂತೆ ಡಾಕ್ಟರ್ ಮೊಸ್ಟಿನ್,
ಅವರ ಗೆರೆಗೆ ಇನ್ನೆರಡು ಚುಕ್ಕಿ ಬೇಕು.
ಕೆಟ್ಟವರಲ್ಲ ಅವರು. ಒಡಹುಟ್ಟಿದ ಅಣ್ಣನ ಮೂತ್ರಪಿಂಡ
ಅಂಥದೇ ಒಂದು ಗೆರೆಯ ಮೇಲೆ ಇಳಿಯುತ್ತಿದೆ.

ಮನೆಯ ಚಪ್ಪಲಿಯಲ್ಲೇ ಕಾರು ಹತ್ತಿದೆ.
ನೋಡಿದೆ. ಎರಡು, ಎರಡು, ಎರಡು, ಒಂದು.
ಸಹಿಯ ಅಧಿಕಾರ ನನ್ನದು. ಪೆನ್ನು ಅವಳು ಕೊಟ್ಟಳು.

ಆಮೇಲೆ ಹೆಲೆದ್ ನಲ್ಲಿಯ ಬಿಸಿನೀರಿಗೆ ಕೈಯೊಡ್ಡಿ ನಿಂತಳು,
ಕೆಂಪಾಗುವವರೆಗೆ. ಒರೆಸಿ, ಕಂಕುಳಲ್ಲಿ ಸಿಕ್ಕಿಸಿಕೊಂಡಳು.
ಇದನ್ನು ನಾನು ಕಲಿಸಿರಲಿಲ್ಲ.
ಕೊಳವೆ ಇಟ್ಟಳು. ಕಾದಳು.
ಅದು ಬಂತು.
ಎಂದಿನಂತೆ, ತಾನಾಗಿ, ತೆವಳುತ್ತ ಬಂತು.
ನಂಬಿಕೆಯನ್ನು ನಾವೇ ಕಲಿಸಿದ್ದೆವು,
ವಾರಗಟ್ಟಲೆ, ಸುಮ್ಮನಿದ್ದು.

ಮುಟ್ಟಿದರೆ ವಾಸಿಯಾಗುವ ಕೈಗೆ ಕೈಗುಣ ಎನ್ನುತ್ತಾರೆ.
ಇಲ್ಲಿಂದ ಯಾರೂ ವಾಸಿಯಾಗಿ ಮನೆಗೆ ಹೋಗುವುದಿಲ್ಲ.
ಆದರೂ ಬೇರೆ ಮಾತು ಸಿಗದೆ
ಅವಳ ಹಾಳೆಯಲ್ಲಿ ಅದನ್ನೇ ಬರೆದೆ,
"ಹಿಡಿತ" ಎಂಬ ಕಾಲಮ್ಮಿನಲ್ಲಿ, ಸಣ್ಣ ಅಕ್ಷರದಲ್ಲಿ.

ಮೊಸ್ಟಿನ್ ಮೂರು ದಿನ ಮಾತು ಬಿಟ್ಟರು.
ಗುರುವಾರ ಟೀ ಯಂತ್ರದ ಬಳಿ ಕೇಳಿದರು:
"ಯಾವಾಗ ಗೊತ್ತಾಯಿತು ಆ ಹುಡುಗಿಗೆ?"
ಕಾಗದಕ್ಕಿಂತ ಮುಂಚೆ, ಅಂದೆ.
ತಮ್ಮ ಲೋಟವನ್ನು ನೋಡಿಕೊಂಡು ನಿಂತರು.

ಆದರೆ ಆ ರಾತ್ರಿ ಅವಳ ಕೊನೆಯ ಬಸ್ಸು ಹೋಗಿತ್ತು.
ನಾನೇ ಬಿಡಲು ಹೊರಟೆ. ಊರು ದಾಟಿ
ಮೂರು ಮೈಲಿ, ವೈಪರಿನ ಸದ್ದಷ್ಟೆ.
ಅಳುತ್ತಾಳೇನೋ ಎಂದು ನಾನು ರಸ್ತೆಯನ್ನೇ ನೋಡುತ್ತಿದ್ದೆ.
ಅಳಲಿಲ್ಲ. "ಆ ಪಂಜರದಲ್ಲಿ ಇನ್ನೊಂದು ಇದೆ," ಅಂದಳು.
"ಇವತ್ತು ಒಂದೇ ಮಲಗಬೇಕು. ಗೂಡಿಗೆ
ಒಂದು ಹಿಡಿ ಕಾಗದದ ಚೂರು ಹೆಚ್ಚು ಹಾಕಿ ಬರಬೇಕಿತ್ತು."

ಕಾರು ತಿರುಗಿಸಿದೆ.