ನಡಾವಳಿ ಬರೆಯುವವಳು

ತಿಂಗಳ ಎರಡನೇ ಮಂಗಳವಾರ, ಸಂಜೆ ಏಳು.
ಹೇಸನ್ ಬೆಂಡ್, ಮೊಂಟಾನ. ಶಾಲೆಯ ಗ್ರಂಥಾಲಯ.
ಒಂದನೇ ತರಗತಿಯ ಕುಳ್ಳ ಕುರ್ಚಿಗಳಲ್ಲಿ
ಮೊಣಕಾಲಿಗೆ ಗದ್ದ ತಾಗಿಸಿ ಕೂತ ಐವರು:
ಇದೇ ನಮ್ಮ ಮಂಡಳಿ. ಕೋರಂ ಇದೆ.
ನಾನು ವರ್ನಾ ಟೋಲೆಫ್‌ಸನ್, ಗುಮಾಸ್ತೆ.
ಯಾರು ಸೂಚಿಸಿದರು, ಯಾರು ಅನುಮೋದಿಸಿದರು,
ಹತ್ತೊಂಬತ್ತು ವರ್ಷದಿಂದ ಇಷ್ಟೇ ಬರೆದಿದ್ದೇನೆ.
ನಿಟ್ಟುಸಿರಿಗೆ ಅನುಮೋದಕರಿರುವುದಿಲ್ಲ.

ಒಟ್ಟು ಮಕ್ಕಳು ಅರವತ್ತೊಂದು.
ಹೋದ ವರ್ಷ ಅರವತ್ತೇಳು.
ಗೋಧಿಯ ಗೋದಾಮು ಮುಚ್ಚಿದ ವಾರವೇ
ಡೊನಾಹ್ಯೂ ಸಂಸಾರ ಟ್ರೇಲರ್ ಎಳೆದುಕೊಂಡು ಹೊರಟಿತು,
ಆರೂ ಮಕ್ಕಳ ಸಮೇತ;
ತಲೆಗಿಷ್ಟು ಎಂದು ರಾಜ್ಯ ಕೊಡುತ್ತಿದ್ದ ಹಣವೂ
ಬಾಲವಾಡಿಸುತ್ತ ಅವರ ಹಿಂದೆಯೇ ಓಡಿತು.

ಸೂಪರಿಂಟೆಂಡೆಂಟ್ ಡೆಲ್ ಒಸ್ಟ್‌ರೈಕ್
ಬೆಳಿಗ್ಗೆ ಬಸ್ಸು ಓಡಿಸಿ, ಮಧ್ಯಾಹ್ನ ಬೀಜಗಣಿತ ಕಲಿಸಿ,
ಈಗ ಫಲಿತಾಂಶದ ಹಾಳೆ ಹಂಚುತ್ತಿದ್ದಾನೆ.
ಮೂರನೇ ತರಗತಿ, ಓದು:
ನಮ್ಮ ಊರಿನ ಎದುರು ಅಂಕಿಯಿಲ್ಲ,
ಒಂದು ನಕ್ಷತ್ರ ಚಿಹ್ನೆ.
ಕೆಳಗೆ ಇರುವೆ ಸಾಲಿನಂಥ ಟಿಪ್ಪಣಿ:
ಮಕ್ಕಳು ಹತ್ತಕ್ಕಿಂತ ಕಡಿಮೆ ಇದ್ದಲ್ಲಿ
ಗುರುತು ಹತ್ತದಂತೆ ಮುಚ್ಚಿಡಲಾಗಿದೆ.

ಯಾರಿಗೆ ಗುರುತು ಹತ್ತದಂತೆ?
ಇರುವುದೇ ನಾಲ್ವರು.
ಬಿ ಹೊಟ್ಟೆ ಯಾವ ಕಡೆ, ಡಿ ಹೊಟ್ಟೆ ಯಾವ ಕಡೆ ಎಂದು
ತಡವರಿಸುವ ಹುಡುಗ ಕೇಡ್ ಎಂಬುದು
ಅಂಚೆಯ ಲೊರೇನಳಿಗೂ ಗೊತ್ತು, ಪೆಟ್ರೋಲು ಹಾಕುವವನಿಗೂ ಗೊತ್ತು.
ಅವನೊಬ್ಬ ಎಡವಿದರೆ
ನೂರಕ್ಕೆ ಇಪ್ಪತ್ತೈದು ಎಡವಿದಂತೆ.
ದಿನಾ ಅರ್ಧ ಗಂಟೆ ಪಕ್ಕ ಕೂತು ಓದಿಸುತ್ತಿದ್ದ
ಪಿಲಾರ್ ಕ್ವಿಂಟೆರೋಳ ಹುದ್ದೆ ಮಾರ್ಚಿಯಲ್ಲಿ ರದ್ದಾಯಿತು.
ಉಳಿತಾಯ ಹನ್ನೊಂದು ಸಾವಿರದ ನಾನೂರು ಡಾಲರು.
ಸರ್ವಾನುಮತ. ನನ್ನದೇ ಕೈಬರಹ.

ತೆರಿಗೆ ಏರಿಸುವ ಪ್ರಸ್ತಾವ ಮೂರನೇ ಸಲವೂ ಬಿತ್ತು,
ಏಳು ಮತಗಳಿಂದ.
ಹಿಂದಿನ ಸಾಲಿನಿಂದ ಗಸ್ ಹಾಲ್‌ವರ್ಸನ್ ಎದ್ದು ನಿಂತು,
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪ, ಅಂದ.
ಸರಿ ಗಸ್, ಅಂದ ಡೆಲ್,
ಆದರೆ ಮಕ್ಕಳ ಕಾಲು ಬೆಳೆಯುತ್ತಲ್ಲ.
ಯಾರೋ ನಕ್ಕರು. ಯಾರೋ ಕೆಮ್ಮಿದರು.
ನಾನು ಬರೆದೆ: ಚರ್ಚೆ ನಡೆಯಿತು.

ಬೇಡವೆಂದು ಮತ ಹಾಕಿದ ಇದೇ ಗಸ್
ಜನವರಿಯ ರಾತ್ರಿ ಬಾಯ್ಲರ್ ಉಸಿರು ನಿಂತಾಗ
ಪೈಜಾಮದ ಮೇಲೆ ಕೋಟು ಎಳೆದುಕೊಂಡು ಬಂದಿದ್ದ.
ನಾಲ್ಕು ಗಂಟೆಯ ತನಕ ಸಿಮೆಂಟು ನೆಲದಲ್ಲಿ ಅಂಗಾತ ಮಲಗಿ
ಬೈಗುಳದಲ್ಲೇ ಅದನ್ನು ಬದುಕಿಸಿದ.
ಬಿಲ್ಲು ಕೊಡಲಿಲ್ಲ.
ಇದನ್ನು ಯಾವ ಬಾಬಿನಲ್ಲಿ ಬರೆಯಲಿ?

ಬರೆಯದ್ದು ಇನ್ನೂ ಒಂದಿದೆ.
ಮೊದಲ ಸಲ ಪ್ರಸ್ತಾವ ಬಿದ್ದದ್ದು ಒಂದೇ ಮತದಿಂದ.
ಆ ವರ್ಷ ನನ್ನ ಗಂಡನ ಸೊಂಟದ ಆಪರೇಷನ್ನು,
ಹೊಲದ ಮೇಲೆ ಎರಡನೇ ಸಾಲ.
ಪರದೆಯ ಹಿಂದಿನ ಚೌಕ ಪುಟ್ಟದು,
ಕಪ್ಪು ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ.
ಮರುದಿನ ಫಲಿತಾಂಶವನ್ನು ನಾನೇ ಫಲಕಕ್ಕೆ ಅಂಟಿಸಿದೆ,
ನಾಲ್ಕು ಮೂಲೆಗೂ ಒತ್ತಿ.

ಪಕ್ಕದ ಜಿಲ್ಲೆಯೊಡನೆ ವಿಲೀನ: ಮುಂದಿನ ತಿಂಗಳಿಗೆ.
ಸಭೆ ಮುಗಿಯಿತು.
ಹೊರಗೆ ಬಾಗಿಲ ಬಳಿ ಕೇಡ್,
ಜಿಮ್ ಗುಡಿಸುತ್ತಿದ್ದ ಅಮ್ಮನಿಗಾಗಿ ಕಾಯುತ್ತ,
ಗಾಜಿಗೆ ಅಂಟಿಸಿದ ನಮ್ಮ ಕಾರ್ಯಸೂಚಿಯ ಮೇಲೆ
ಬೆರಳಿಟ್ಟು ಓದುತ್ತಿದ್ದ.
ಒಂದು ಶಬ್ದಕ್ಕೆ ಬೆರಳು ನಿಂತಿತು.
ನನಗೆ ಗೊತ್ತಿದ್ದ ಶಬ್ದ, ನಾನೇ ಟೈಪು ಮಾಡಿದ್ದು.
ತುಟಿಗೆ ಬಂತು. ಹೇಳಲಿಲ್ಲ.
ಕಾರಿನ ಕೀಲಿ ಮುಷ್ಟಿಯಲ್ಲಿ ತಣ್ಣಗೆ ಕೊರೆಯುತ್ತಿತ್ತು.

ಸಭೆ ಮುಕ್ತಾಯ ಎಂಟು ನಲವತ್ತು ಎಂದು ದಾಖಲೆಯಲ್ಲಿದೆ.
ಒಂಬತ್ತು ಹೊಡೆದರೂ ನಾವಿಬ್ಬರು
ಇನ್ನೂ ಮೂರನೇ ಸಾಲಿನಲ್ಲೇ ಇದ್ದೆವು.