ಹದಿನೇಳನೇ ಸಾಲು

ಅಕ್ಕಲಕೋಟ ಸ್ಟ್ಯಾಂಡಿನ ಹಿಂದ, ಗೊಬ್ಬರದ ಅಂಗಡಿ ಮ್ಯಾಲ
ನಮ್ಮ ಕ್ಲಾಸು. ಯೂರಿಯಾ ವಾಸನಿ, ಆರು ಕಂಪ್ಯೂಟರು,
ಒಂದಕ್ಕ ಇಬ್ಬರಂಗ ಬಿ.ಕಾಂ. ಎರಡನೇ ವರ್ಷದ ಮಂದಿ.

ಮೊದಲ ದಿನ ಹೇಳಿದ್ದೆ:
ರ್‍ಯಾಮ್ ಅಂದರ ಸಂತ್ಯಾಗಿನ ನೆನಪು,
ಲೈಟ್ ಹೋದರ ಅದೂ ಹೋತು.
ಹಾರ್ಡ್ ಡಿಸ್ಕ್ ಅಂದರ ಫುಲಚಂದ ಸೇಠರ ಕೆಂಪು ಖಾತೆಬುಕ್ಕು,
ಮೊಮ್ಮಗ ಹುಟ್ಟಿದರೂ ಬಿಡೂದಿಲ್ಲ.
ನಕ್ಕರು. ಅದನ್ನೇ ಪರೀಕ್ಷಾದಾಗ ಬರದರು.
ಸೋಲಾಪುರದಿಂದ ಬಂದ ಪರೀಕ್ಷಕ ಅರ್ಧ ಮಾರ್ಕು ಕೊಟ್ಟ.

ಕೀಬೋರ್ಡಿನ್ಯಾಗ ಕನ್ನಡದ ಕ ಇರೂ ಮನ್ಯಾಗ
ಮರಾಠಿ ಕನೂ ಇರ್ತದ.
ಬಾಗಲಾ ಒಂದೇ, ಕದ ಬಡಿಯೂ ಬೆರಳೂ ಒಂದೇ.
ಇದನ್ನ ನಾ ಯಾವ ಸಭಾದಾಗೂ ಹೇಳಿಲ್ಲ.

ಮೇಲ್ ಮರ್ಜ್ ಪಾಠಕ್ಕ ಸುಳ್ಳು ಹೆಸರು ಯಾಕ ಅಂತ
ಸೇಠರ ಅರಿವಿ ಅಂಗಡಿಗೆ ಹೋಗಿ ಉದ್ರಿ ಯಾದಿ ಕೇಳಿದೆ.
ಖುಷೀಲೆ ಕೊಟ್ಟರು: ಕಾಗದ ನಿಮ್ಮದು, ಶಾಯಿ ನಿಮ್ಮದು,
ವಸೂಲಿ ಅಷ್ಟು ನನ್ನದು.

ಪತ್ರ ಒಂದೇ. ಮೊದಲ ಸಾಲಿನ್ಯಾಗ
ಎರಡು ಬಾಣದ ನಡುವ ಒಂದು ಖಾಲಿ ಕುರ್ಚಿ,
ಬಂದವರು ಬಂದಂಗ ಕೂಡಲಿ ಅಂತ.
ಯಾದಿ ಮಾತ್ರ ಹಿಂಗಿತ್ತು:

ಚಹಾದ ಮೌಲ್ಯಾ, ಮುನ್ನೂರಾ ನಾಲ್ವತ್ತು.
ಬೋಳ ಕಲ್ಲ್ಯಾ, ಸಾವಿರದ ನೂರಾ ಇಪ್ಪತ್ತೈದು.
ತೋಳನೂರ ಕಡೀ ಮನಿ ಮುದುಕಿ, ತೊಂಬತ್ತು.
ಕುಂಟ ಸಿದ್ಯಾ, ಏಳುನೂರಾ ಅರವತ್ತು.

ಟೇಬಲ್ಲಿಗೆ ಬೇಕಾದ ಕಾಲಮ್ಮು ಬ್ಯಾರೆ:
ಗೌರವಸೂಚಕ, ಹೆಸರು, ತಂದಿ ಅಥವಾ ಗಂಡನ ಹೆಸರು,
ಅಡ್ಡಹೆಸರು, ಊರು, ಬಾಕಿ.
‘ಮೇಡಂ, ಬೋಳ ಅನ್ನೂದನ್ನ
ಗೌರವಸೂಚಕದಾಗ ಹಾಕೂದೇನ್ರಿ?’ ಅಂದ ಇರಫಾನ.
ಕ್ಲಾಸೇ ನಕ್ಕಿತು, ಕೆಳಗ ಗೊಬ್ಬರ ತೂಗಾವನೂ
ಏನಾತಂತ ಮ್ಯಾಲ ನೋಡಿದ.
ಖಾಲಿ ಬಿಟ್ಟರ ನಡಿಯೂದಿಲ್ಲ ಅಂದೆ. ಹೋಗಿ ಕೇಳಿಕೊಂಡು ಬರ್ರಿ.

ಮೂರು ದಿನ ಸೈಕಲ್ಲು, ಬೈಕು, ನಡಿಗಿ.
ಮೌಲಾಸಾಬ ಇಬ್ರಾಹಿಂಸಾಬ ಮುಜಾವರ ಅಂತ ಬಂತು.
ಕಲ್ಲಪ್ಪ ಎಂಬಾವ ತನ್ನ ಅಡ್ಡಹೆಸರು ಹೇಳೂ ಮುಂದ
ಅಂಗಿ ಗುಂಡಿ ಹಾಕಿಕೊಂಡನಂತ.
ತೋಳನೂರ ಮುದುಕಿ, ‘ನನ್ನದಾ?’ ಅಂದು
ಒಂದು ಗಳಿಗಿ ಸುಮ್ಮನಿದ್ದು, ಗುರಬಸವ್ವ ಅಂದಳಂತ.
ಪೂರ್ತಿ ಬರಕೋ, ಅರ್ಧಕ್ಕ ಬಿಡಬ್ಯಾಡ ಅಂದಳಂತ.

ಹದಿನೇಳನೇ ಸಾಲಿಗೆ ಯಾರೂ ಎಲ್ಲಿಗೂ ಹೋಗಲಿಲ್ಲ.
ನಾಕನೇ ಕಂಪ್ಯೂಟರಿನ್ಯಾಗ ಪ್ರಜ್ಞಾ ಕುಂತಿದ್ದಳು.
ಶ್ರೀ. ಟ್ಯಾಬ್.
ಸಿದ್ರಾಮ. ಟ್ಯಾಬ್.
ಭೀಮಶಾ. ಟ್ಯಾಬ್.
ಮಡಿಖಾಂಬೆ.
ಹಾಜರಿ ಪುಸ್ತಕದಾಗ ದಿನಾ ನಾನೇ ಕೂಗೂ ಅಡ್ಡಹೆಸರು.
ನನಗ ಆವಾಗ ತಿಳೀತು.
ಏಳುನೂರಾ ಅರವತ್ತನ್ನ ಆಕಿ ಮುಟ್ಟಲಿಲ್ಲ,
ಏಳುನೂರಾ ಅರವತ್ತಂತಲೇ ಹೊಡದಳು.
‘ಯಾವ ಬಾಬತ್ತು’ ಅನ್ನೂ ಕಾಲಮಿನ್ಯಾಗ
ಯಾದಿ ನೋಡದೇ ಬರದಳು:
ಶಾಲಿಯ ನೀಲಿ ಅರಿವಿ, ಎರಡೂ ಮುಕ್ಕಾಲು ಮೀಟರು.

ಸಾಲಕ್ಕೂ ಸಾಲಿಗೂ ಒಂದು ಕೊಂಬಿನ ಫರಕು,
ಅದನ್ನ ಯಾವ ಸಾಫ್ಟ್‌ವೇರೂ ತಿದ್ದೂದಿಲ್ಲ.

ನಾಲ್ವತ್ತೊಂದು ಪತ್ರ ಹೊರಗ ಬಂದವು,
ಕಾಗದ ಬೆಚ್ಚಗ, ಅಂಚು ಒಂದೇ ಸಮ.
ಸೇಠರು ಚಷ್ಮಾ ಏರಿಸಿ ಒಂದೊಂದೇ ತಿರುವಿದರು.
ಶ್ರೀ ಮೌಲಾಸಾಬ. ಶ್ರೀಮತಿ ಗುರಬಸವ್ವ. ಶ್ರೀ ಸಿದ್ರಾಮ.
‘ಯಾರ್ರೀ ಇವರೆಲ್ಲಾ?
ಇಷ್ಟು ದೊಡ್ಡ ಮಂದಿ ನಮ್ಮಲ್ಲಿ
ಯಾವಾಗ ಉದ್ರಿ ಒಯ್ದಿದ್ದರು?’

ಫೈಲಿಗೆ ‘ಉದ್ರಿ’ ಅಂತ ಹೆಸರಿಡ್ರಿ ಅಂದಿದ್ದೆ.
ಸಂಜಿಗೆ ಹುಡುಕಿದರ ಸಿಗಲಿಲ್ಲ.
‘ಮಾನ್ಯರು’ ಅಂತ ಇಟ್ಟಿದ್ದಳು.

ಆರೂವರಿಗೆ ಲೈಟ್ ಹೋತು. ಯು.ಪಿ.ಎಸ್. ಕೂಗಲಿಕ್ಕೆ ಹತ್ತಿತು.
ಕತ್ತಲದಾಗ ಕೇಳಿದೆ: ಸೇವ್ ಮಾಡೀಯೇನು?
‘ಎರಡು ಸಲ ಮಾಡೀನ್ರಿ.’